ಹದಿನಾಲ್ಕು ಕಂಬ

ಸಾವಿರದ ಒಂಬೈನೂರ ಅರವತ್ತೊಂದರ ಮಾಘದಲ್ಲಿ ಹೆಬ್ಬಾಳದ ಬಯಲಿನಲ್ಲಿ ನಡೆದ ಕೃಷಿ, ಕೈಗಾರಿಕೆ ಮತ್ತು ವಿದ್ಯುಚ್ಛಕ್ತಿ ಸಮ್ಮೇಳನದಂಥ ಸಮ್ಮೇಳನ ಭೂಮಂಡಲದಲ್ಲಿ ಅದಕ್ಕೆ ಮುಂಚೆ ನಡೆದಿರಲಿಲ್ಲ. ಚಪ್ಪರದ ಈ ತುದಿಯಲ್ಲಿ ನಿಂತವನಿಗೆ ಆ ತುದಿಯವನು ಇರುವೆಯಷ್ಟು ಕಾಣುತ್ತಿದ್ದ. ಬಂದ ಕಾರುಗಳು ಎಬ್ಬಿಸಿದ ಧೂಳಿಗೆ ಯಲಹಂಕದ ತನಕ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದ್ದವು. ಸ್ವಾಗತ ಭಾಷಣ ಶುರುವಾದಾಗ ನುಣ್ಣಗೆ ಬೋಳಿಸಿಕೊಂಡು ಕುಳಿತಿದ್ದ ಗಂಡಸರಿಗೆ ಅದು ಮುಗಿಯುವ ಹೊತ್ತಿಗೆ ಗಡ್ಡ ಬಂದಿತ್ತು.

ಇಷ್ಟು ದೊಡ್ಡ ಸಮ್ಮೇಳನದಲ್ಲಿ ಕೊಡಿಗೇಹಳ್ಳಿಯ ಬೈರಮ್ಮನಿಗೆ ಬೇಕಾಗಿದ್ದುದು ಒಂದೇ ಒಂದು ಚೀಟಿ.

ಬೈರಮ್ಮನ ಮನೆಗೆ ಅಂಟಿಕೊಂಡಂತೆ ಹಿಟ್ಟಿನ ಗಿರಣಿ ಇತ್ತು. ಸುತ್ತಲಿನ ಏಳು ಹಳ್ಳಿಗೆ ಅದೊಂದೇ ಗಿರಣಿ. ಅವಳ ಗಂಡ ಪಿಳ್ಳಣ್ಣನನ್ನು ಕೇಳಿದರೆ ಎಪ್ಪತ್ತು ಹಳ್ಳಿ ಎನ್ನುತ್ತಿದ್ದ. ಅದನ್ನು ನಡೆಸುತ್ತಿದ್ದ ಎಣ್ಣೆ ಎಂಜಿನ್ನಿಗೆ ಆನೆಯ ತೂಕ, ಎಮ್ಮೆಯ ಹಟ. ಹಿಡಿ ಹಾಕಿ ಹದಿನೇಳು ಸುತ್ತು ತಿರುಗಿಸಿದರೆ ಮಾತ್ರ ಎಚ್ಚರವಾಗುತ್ತಿತ್ತು. ಎಚ್ಚರವಾದ ಮೇಲೆ ಅದರ ಡುಗ್ ಡುಗ್ ಸದ್ದು ಎಂಥದ್ದೆಂದರೆ, ಜಕ್ಕೂರಿನ ಮೇಲೆ ಹಾರುವ ವಿಮಾನಗಳು ತಮ್ಮ ಎಂಜಿನ್ನೇ ಕೆಟ್ಟಿತೆಂದು ಹೆದರಿ ಕೆಳಗಿಳಿಯುತ್ತಿದ್ದವು.

ಕಾರ್ತೀಕದ ಒಂದು ಬೆಳಿಗ್ಗೆ ಆ ಎಂಜಿನ್ನು ಹಿಂದಕ್ಕೆ ಒದೆಯಿತು. ಹಿಡಿ ಪಿಳ್ಳಣ್ಣನ ಬಲಗೈಯನ್ನು ಎರಡು ಕಡೆ ಮುರಿಯಿತು. ಅದೇ ಏಟಿಗೆ ಎಂಜಿನ್ನಿನ ಹೊಟ್ಟೆಯೂ ಸೀಳಿತು. ಯಶವಂತಪುರದಿಂದ ಮೆಕ್ಯಾನಿಕ್ ಅಕ್ಬರ್ ಪಾಷಾ ಬಂದು ನೋಡಿದ. ಸತ್ತುಬಿದ್ದ ಲಾರಿಯ ಕಿವಿಯಲ್ಲಿ ಏನೋ ಉಸುರಿ ಎಬ್ಬಿಸಿ ಕಳಿಸುವಂಥ ಮನುಷ್ಯ ಅವನು. ಅವನೇ ಟೋಪಿ ತೆಗೆದು ನಿಂತುಬಿಟ್ಟ.

"ಇದು ಹೋಯ್ತಮ್ಮಾ. ಇದಕ್ಕೆ ಇನ್ನು ಕಫನ್ ಹೊದಿಸ್ಬೇಕು ಅಷ್ಟೆ."

ಆಮೇಲೆ ಅವನೇ ಎಲ್ಲಿಂದಲೋ ಒಂದು ಹಳೇ ವಿದ್ಯುತ್ ಮೋಟಾರು ತಂದುಕೊಟ್ಟ. ಬೈರಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟು ಬೀಸುವ ಕಲ್ಲುಗಳ ಪಕ್ಕದಲ್ಲಿ ಕೂರಿಸಿದಳು. ಕೂತಿತು, ಮನೆಗೆ ಬಂದ ಬೀಗರಂತೆ, ಏನೂ ಕೆಲಸ ಮಾಡದೆ. ಊರಿನಲ್ಲಿ ವಿದ್ಯುತ್ತೇ ಇರಲಿಲ್ಲ. ಬಳ್ಳಾರಿ ರಸ್ತೆಯ ತನಕ ಬಂದಿದ್ದ ತಂತಿ ಕೊಡಿಗೇಹಳ್ಳಿಗೆ ಬರಲು ಇನ್ನೂ ಹದಿನಾಲ್ಕು ಕಂಬ ಬೇಕಿತ್ತು.

ಗಿರಣಿಯ ಲೈಸೆನ್ಸಿಗೆ ಒಂದು ಷರತ್ತಿತ್ತು: ತೊಂಬತ್ತು ದಿನ ಕಲ್ಲು ತಿರುಗದಿದ್ದರೆ ಲೈಸೆನ್ಸು ರದ್ದು. ರದ್ದಾದರೆ ಅದು ತನಗಿರಲಿ ಎಂದು ಅಮೃತಹಳ್ಳಿಯ ಚಿಕ್ಕಮಾರಯ್ಯ ಆಗಲೇ ಅರ್ಜಿ ಹಾಕಿ, ಗಿರಣಿಗೆ ಕೋಣೆ ಕಟ್ಟಿ, ಬಾಗಿಲಿಗೆ ಹಸಿರು ಬಣ್ಣವನ್ನೂ ಬಳಿಸಿದ್ದ. ಒಂದು ದಾರಿ ಮಾತ್ರ ಉಳಿದಿತ್ತು. ಊರಿಗೆ ವಿದ್ಯುತ್ತು ಮಂಜೂರಾಗಿದೆ ಎಂಬ ಚೀಟಿ ತೋರಿಸಿದರೆ ಆರು ತಿಂಗಳು ವಾಯಿದೆ ಸಿಗುತ್ತಿತ್ತು. ಸಮ್ಮೇಳನದ ದಿನಕ್ಕೆ ಕಲ್ಲು ನಿಂತು ಎಂಬತ್ತು ದಿನ. ಆ ಎಂಬತ್ತು ದಿನದಲ್ಲಿ ಬೈರಮ್ಮ ನಿದ್ದೆ ಮಾಡಿದ್ದನ್ನು ಒಟ್ಟು ಮಾಡಿದರೆ ಒಂದು ಮಧ್ಯಾಹ್ನದಷ್ಟೂ ಆಗುತ್ತಿರಲಿಲ್ಲ. ಮುರಿದ ಕೈ ನೆಟ್ಟಗೆ ಕೂಡದ ಗಂಡನಿಗೆ ಬೇರೆ ಕಸುಬಿಲ್ಲ. ಅವಳಿಗೆ ಗೊತ್ತಿದ್ದುದೂ ಕಲ್ಲಿನ ಸದ್ದು ಕೇಳಿ ಹಿಟ್ಟಿನ ಹದ ಹೇಳುವ ವಿದ್ಯೆಯೊಂದೇ.

ಸಮ್ಮೇಳನಕ್ಕೆ ಬರುವ ದೊಡ್ಡ ಇಂಜಿನಿಯರು ಅಲ್ಲೇ ಒಂದು ಊರಿಗೆ ಕಂಬ ಮಂಜೂರು ಮಾಡುತ್ತಾರೆಂದು ಸುದ್ದಿ ಬಂತು. ಅಮೃತಹಳ್ಳಿಗೋ ಕೊಡಿಗೇಹಳ್ಳಿಗೋ, ಎರಡರಲ್ಲೊಂದು. ಊರಿಗೊಬ್ಬರು ಮೈಕಿನ ಮುಂದೆ ನಿಂತು ಮೂರು ನಿಮಿಷದಲ್ಲಿ ಅಹವಾಲು ಹೇಳಬೇಕು. ಊರಿನವರು ಅರಳಿಕಟ್ಟೆಯಲ್ಲಿ ಸೇರಿದರು.

"ನಾನೇ ಯೋಳ್ತೀನಿ," ಎಂದಳು ಬೈರಮ್ಮ. "ನನ್ ಮಿಷನ್ನು, ನನ್ ಕಷ್ಟ."

"ಎಂಗಸ್ರು ಮೈಕ್ ಇಡ್ಕೊಂಡ್ರೆ ಅಮೃತಳ್ಳಿಯೋರು ನಗಾಕಿಲ್ವಾ?" ಎಂದರು ಊರಿನ ಯಜಮಾನರು. "ನಮ್ ನರಸಿಂಹಯ್ಯ ಇಲ್ವಾ? ಅವ್ನ ಗಂಟ್ಲಿಗೆ ಮೈಕೇ ಬ್ಯಾಡ."

ಅದು ನಿಜ. ನರಸಿಂಹಯ್ಯ ಊರಿನ ನಾಟಕದಲ್ಲಿ ಮೂವತ್ತೊಂದು ವರ್ಷದಿಂದ ಪಾಳೇಗಾರನ ಪಾತ್ರ ಮಾಡುತ್ತಿದ್ದವನು. ನಾಟಕ ಬರೆದದ್ದು ಊರಿನದೇ ಹಳೇ ಮೇಷ್ಟ್ರು. ನರಸಿಂಹಯ್ಯ ರಂಗದ ಮೇಲೆ ಗುಡುಗಿದರೆ ಬ್ಯಾಟರಾಯನಪುರದಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ಕಟ್ಟು ಕಿತ್ತುಕೊಳ್ಳುತ್ತಿದ್ದವು. ಅದಕ್ಕಿಂತ ಮುಖ್ಯ, ಹದಿನಾಲ್ಕರಲ್ಲಿ ಒಂಬತ್ತು ಕಂಬ ಅವನ ಹೊಲದಲ್ಲೇ ನೆಡಬೇಕಿತ್ತು.

"ಕೊಡ್ತೀನಿ ಕಣವ್ವ," ಎಂದು ಅವನು ಬೈರಮ್ಮನ ಕೈ ಹಿಡಿದು ಹೇಳಿದ್ದ. "ಒಂಬತ್ತಲ್ಲ, ತೊಂಬತ್ತು ನೆಟ್ಕೊಳ್ಲಿ. ನೀನು ನನ್ ತಂಗಿ ಇದ್ದಂಗೆ."

ಎಂಟು ದಿನ ಬೈರಮ್ಮ ಅವನಿಗೆ ಮಾತು ಕಲಿಸಿದಳು. ಇದ್ದುದೇ ಎರಡು ಮಾತು: ನಮ್ಮೂರಿಗೆ ಹದಿನಾಲ್ಕು ಕಂಬ ಕೊಡಿ, ನೆಲ ನಾವು ಬಿಟ್ಟುಕೊಡುತ್ತೇವೆ.

ಸಮ್ಮೇಳನದಲ್ಲಿ ಬೈರಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ, ಒಂದು ಕಂಬಕ್ಕೆ ಒರಗಿ ಕುಳಿತಳು. ತಲಾ ಆದಾಯದ ಬಗ್ಗೆ ಒಬ್ಬರು ಮಾತಾಡಿದರು. ಅವರ ಲೆಕ್ಕದಂತೆ ಹತ್ತು ವರ್ಷದಲ್ಲಿ ದೇಶದ ಪ್ರತಿ ಎಮ್ಮೆಯೂ ಕೈಗಡಿಯಾರ ಕಟ್ಟಬಹುದಾಗಿತ್ತು. ಮುಸುಕಿನ ಜೋಳದ ಹೊಸ ತಳಿಯ ಬಗ್ಗೆ ಇನ್ನೊಬ್ಬರು ಮಾತಾಡಿದರು. ಅವರು ಎತ್ತಿ ತೋರಿಸಿದ ತೆನೆ ಒನಕೆಯಷ್ಟು ಉದ್ದವಿತ್ತು. ಬೈರಮ್ಮನ ಕಿವಿಗೆ ಒಂದೂ ಬೀಳಲಿಲ್ಲ. ನರಸಿಂಹಯ್ಯನಿಗೆ ಕಲಿಸಿದ ಎರಡು ಮಾತನ್ನೇ ಬಾಯೊಳಗೆ ಹೇಳಿಕೊಳ್ಳುತ್ತಿದ್ದಳು.

ಅಮೃತಹಳ್ಳಿಯ ಪರವಾಗಿ ಚಿಕ್ಕಮಾರಯ್ಯ ಮೊದಲು ಹೋದ. ಸಣ್ಣ ದನಿಯವನು. ಮೈಕಿಗೆ ಕೈಮುಗಿದು, "ಕಂಬ ಕೊಡಿ ಸ್ವಾಮಿ, ನೆಲ ಬಿಡ್ತೀವಿ," ಎಂದು ಅರ್ಧ ನಿಮಿಷದಲ್ಲಿ ಮುಗಿಸಿ ಇಳಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ನರಸಿಂಹಯ್ಯ ಹತ್ತಿದ. ಜರಿ ರುಮಾಲು, ಗಿರಿಜಾ ಮೀಸೆ. ಅವನು ಮೆಟ್ಟಿಲು ಹತ್ತಿದ ರಭಸಕ್ಕೇ ವೇದಿಕೆಯ ಮೇಲಿನ ಗಣ್ಯರು ಅರ್ಧ ಎದ್ದು ನಿಂತರು. ಕೊಡಿಗೇಹಳ್ಳಿಯಿಂದ ಬಂದಿದ್ದ ನಾಟಕದ ಪೂರಾ ಬಳಗ, ತಬಲಾ ಬಾರಿಸುವ ಜಾಫರ್ ಸಮೇತ, ಮುಂದೆಯೇ ಕುಳಿತು ಶಿಳ್ಳೆ ಹಾಕಿತು. ನರಸಿಂಹಯ್ಯ ಗಣ್ಯರಿಗೆಲ್ಲ ವಂದಿಸಿದ. "ನಮ್ಮೂರಿಗೆ ಹದಿನಾಲ್ಕು ಕಂಬ ಬೇಕು ಬುದ್ಧಿ," ಎಂದ. ಬೈರಮ್ಮನ ಎದೆ ಹಗುರಾಯಿತು. ಒಂದು ಮಾತು ಆಯಿತು, ಇನ್ನೊಂದು ಉಳಿಯಿತು.

ದೊಡ್ಡ ಇಂಜಿನಿಯರು ಕಾಗದ ನೋಡಿಕೊಂಡು, ಬರೆದಿದ್ದಂತೆಯೇ ಓದಿ ಕೇಳಿದರು: "ಒಳ್ಳೆಯದು. ನೆಲ ಬಿಡುವಿರೋ, ಇಲ್ಲವೋ?"

ಆ ಮಾತೇ ಮುಳುವಾಯಿತು. ನಾಟಕದ ಮೂರನೆಯ ಅಂಕದಲ್ಲಿ ಶತ್ರುವಿನ ದೂತ ಬಂದು ಪಾಳೇಗಾರನನ್ನು ಕೇಳುವುದು ಇದನ್ನೇ: "ನೆಲ ಬಿಡುವೆಯೋ, ಇಲ್ಲವೋ?" ಮೂವತ್ತೊಂದು ವರ್ಷ ಆ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟ ಗಂಟಲು ಅದು. ನರಸಿಂಹಯ್ಯನ ಕಣ್ಣು ಕೆಂಪಾಯಿತು. ಎಡಗಾಲು ಮುಂದೆ ಬಂತು. ಮೀಸೆಯ ತುದಿ ಆಕಾಶ ನೋಡಿತು. ಬೈರಮ್ಮ "ಅಣ್ಣಾ, ಬ್ಯಾಡ!" ಎಂದು ಕೂಗುವುದರೊಳಗೆ ಸಿಡಿಲು ಬಿದ್ದಾಗಿತ್ತು.

"ಎಲವೋ ದೂತನೇ! ಈ ಭುಜಗಳು ಭುಜಗಳಾಗಿರುವ ತನಕ ನನ್ನ ನೆಲದೊಳಗೆ ಒಂದು ಗೂಟ ನೆಡಲು ನಿನ್ನೊಡೆಯನ ಒಡೆಯನಿಗೂ ಅಳವಲ್ಲ! ಗೇಣು ನೆಲ ಕೇಳಿದವನ ಗೋಣು ಕೇಳುವವನು ನಾನು! ತೊಲಗಾಚೆ!"

ಮೈಕು ಸುಟ್ಟುಹೋಯಿತು. ಚಪ್ಪರದ ಮೇಲಿನ ಸೋಗೆ ಎದ್ದು ಹೆಬ್ಬಾಳದ ಕೆರೆಗೆ ಬಿತ್ತು. ಬೆಳಗಿನಿಂದ ಅಂಕಿಸಂಖ್ಯೆ ಕೇಳಿ ಕೇಳಿ ಒಣಗಿದ್ದ ಐದು ಸಾವಿರ ಮಂದಿ ಒಟ್ಟಿಗೇ ಎದ್ದು ಕೂಗಿದರು:

"ಒನ್ಸ್ ಮೋರ್!"

ಒನ್ಸ್ ಮೋರ್ ಬಂದ ಮೇಲೆ ಇಲ್ಲ ಎಂದ ನಟ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ತೊಟ್ಟಿಲ ಕೂಸು ಅಳುತ್ತಿದ್ದರೂ, ಕಿರೀಟಕ್ಕೆ ಬೆಂಕಿ ಹತ್ತಿದ್ದರೂ, ಮಾತನ್ನು ಇನ್ನೊಮ್ಮೆ ಆಡಿಯೇ ತೀರಬೇಕು. ನರಸಿಂಹಯ್ಯ ಆಡಿದ, ಮೊದಲಿಗಿಂತ ಜೋರಾಗಿ. ಇಂಜಿನಿಯರು ಕಾಗದದ ಮೇಲೆ ಏನೋ ಬರೆದು ಗಂಟೆ ಬಾರಿಸಿದರು.

ಊಟದ ಹೊತ್ತಿಗೆ ಬೈರಮ್ಮ ಸ್ವಯಂಸೇವಕರ ಕೈಯಡಿಯಲ್ಲಿ ನುಸುಳಿ, ಎಲೆ ತೊಳೆಯುವ ಜಾಗದ ಪಕ್ಕದಿಂದ ಹಾದು, ಕೈ ತೊಳೆಯುತ್ತಿದ್ದ ಇಂಜಿನಿಯರ ಮುಂದೆ ನಿಂತಳು.

"ಸ್ವಾಮಿ, ಅದು ನಾಟ್ಕದ್ ಮಾತು. ಅವ್ರು ಅಂಗಲ್ಲ. ನೆಲ ಬಿಡ್ತಾರೆ."

ಇಂಜಿನಿಯರು ಕೆಟ್ಟವರಲ್ಲ. ಅವಳ ಮುಖ ನೋಡಿದರು. "ನನಗೂ ಹಾಗೇ ಅನ್ನಿಸ್ತಮ್ಮ. ಆದರೆ ಎರಡು ಸಲ ಹೇಳಿದರಲ್ಲ? ಐದು ಸಾವಿರ ಜನ ಕೇಳಿದ್ದಾರೆ, ನಡಾವಳಿಯಲ್ಲಿ ಬರೆದಾಗಿದೆ. ಮೂರು ಗಂಟೆಗೆ ಪ್ರಕಟಣೆ. ಅದರೊಳಗೆ ಅವರೇ ಬಂದು ಅಲ್ಲಿ, ಎಲ್ಲರೆದುರು, ಬಿಡ್ತೀನಿ ಅಂತ ಹೇಳಲಿ. ಬರೆದದ್ದನ್ನು ಹೊಡೆದುಹಾಕ್ತೀನಿ."

"ಯೋಳ್ದಿದ್ರೆ?"

"ಮುಂದಿನ ವರ್ಷ ಮತ್ತೆ ಸಮ್ಮೇಳನ ಇದ್ದೇ ಇರುತ್ತಲ್ಲ."

ಮುಂದಿನ ವರ್ಷ! ಬೈರಮ್ಮನಿಗೆ ಉಳಿದಿದ್ದುದು ಹತ್ತು ದಿನ.

ನರಸಿಂಹಯ್ಯ ಬೇಲಿಯ ಹತ್ತಿರ ನಿಂತಿದ್ದ. ಕೊರಳಲ್ಲಿ ಹಾರ, ಸುತ್ತ ಜನ. ಸೋಲದೇವನಹಳ್ಳಿಯವರು ಅವನನ್ನು ತಮ್ಮೂರಿನ ನಾಟಕಕ್ಕೆ ಕರೆಯುತ್ತಿದ್ದರು. ಬೈರಮ್ಮನನ್ನು ಕಂಡದ್ದೇ ಅವನ ಮುಖದ ಬಣ್ಣ ಇಳಿಯಿತು.

"ಏನಣ್ಣ ಇಂಗ್ ಮಾಡ್ದೆ?"

"ಬಾಯ್ಗ್ ಬಂದ್ಬಿಡ್ತು ಕಣವ್ವ. ನಾನ್ ತಡ್ಯೋದ್ರಲ್ಲಿ ಅದೇ ಬಂದ್ಬಿಡ್ತು."

"ಒಂದ್ಸಲ ಬಂತು, ಸರಿ. ಎಲ್ಡ್ನೇ ಸಲ?"

"ಒನ್ಸ್ ಮೋರ್ ಅಂದ್ರಲ್ಲವ್ವ."

"ನಾನೂ ಅಂತೀನಿ. ನಡಿ. ಅಲ್ ಹೋಗಿ, ಬಿಡ್ತೀನಿ ಅನ್ನು. ಒಂದೇ ಮಾತು."

ಅವನು ಹಾರ ತೆಗೆದು ಬೇಲಿಗೆ ಹಾಕಿ ಅವಳ ಹಿಂದೆ ಬಂದ. ಅಣುಶಕ್ತಿಯ ಬಗ್ಗೆ ಒಬ್ಬರು ಮಾತಾಡುತ್ತಿದ್ದರು. ಒಂದು ಕಡಲೆಕಾಳಿನಷ್ಟು ವಸ್ತುವಿನಿಂದ ಇಡೀ ಬೆಂಗಳೂರಿಗೆ ದೀಪ ಹಚ್ಚಬಹುದೆಂದರು. ಆ ಕಾಳಿನ ಸಿಪ್ಪೆಯಾದರೂ ತನಗೆ ಸಿಕ್ಕಿದ್ದರೆ ಎಂದುಕೊಂಡಳು ಬೈರಮ್ಮ. ಮೂರಕ್ಕೆ ಐದು ನಿಮಿಷವಿದ್ದಾಗ ಇಂಜಿನಿಯರು ಬೈರಮ್ಮನನ್ನು ನೋಡಿ, ಬನ್ನಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು.

ನರಸಿಂಹಯ್ಯ ಮೂರು ಮೆಟ್ಟಿಲು ಹತ್ತಿ ನಿಂತ. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಯಾವ ಮೇಷ್ಟ್ರೂ ಬರೆದುಕೊಡದ, ಯಾವ ಚಪ್ಪಾಳೆಯೂ ಬೀಳದ, ನಾನು ತಪ್ಪಾಡಿದೆ ಎಂಬ ಸಣ್ಣ ಮಾತು ಆ ಮಹಾ ಗಂಟಲಿನಲ್ಲಿ ಇರಲೇ ಇಲ್ಲ. ಬೆವರು ರುಮಾಲಿನಿಂದ ಇಳಿದು ಮೀಸೆಯನ್ನು ತೋಯಿಸಿತು. ಜನ ಮತ್ತೆ ಪಾಳೇಗಾರನ ಮಾತು ಬರುತ್ತದೆಂದು ಕಾದರು. ಕೆಳಗೆ ನಿಂತಿದ್ದ ಬೈರಮ್ಮ "ಅಣ್ಣ, ಬಿಡ್ತೀನಿ ಅನ್ನು, ಬಿಡ್ತೀನಿ ಅನ್ನು," ಎಂದು ಪಿಸುಗುಟ್ಟುತ್ತಲೇ ಇದ್ದಳು. ಅವಳ ಪಿಸುಮಾತು ಇಡೀ ಚಪ್ಪರಕ್ಕೆ ಕೇಳಿಸಿತು. ಅವನ ಮಾತು ಅವನಿಗೂ ಕೇಳಿಸಲಿಲ್ಲ.

ಮೂರು ಹೊಡೆಯಿತು. ಕಂಬ ಅಮೃತಹಳ್ಳಿಗೆ ಹೋಯಿತು.

ಒಂಬತ್ತು ದಿನ ಬೈರಮ್ಮ ಮಾಡಿದ್ದು ಮೂರೇ ಕೆಲಸ: ಒಲೆ ಹಚ್ಚುವುದು, ಪಿಳ್ಳಣ್ಣನಿಗೆ ಉಣ್ಣಿಸುವುದು, ಗಿರಣಿಯ ಬಾಗಿಲು ತೆಗೆದು ಕಲ್ಲಿನ ಮುಂದೆ ಕೂರುವುದು. ಚಿಕ್ಕಮಾರಯ್ಯ ಒಮ್ಮೆ ಬಂದು ಕಲ್ಲುಗಳನ್ನು ಮಾರುತ್ತೀಯಾ ಎಂದು ಕೇಳಿ ಹೋದ. ಅವನ ದನಿಯಲ್ಲಿ ಅಣಕವಿರಲಿಲ್ಲ. ಅಣಕಿಸಿದ್ದರೆ ಕಸಬರಿಕೆಯಲ್ಲಿ ಹೊಡೆದು ಸ್ವಲ್ಪ ಸಮಾಧಾನವನ್ನಾದರೂ ಪಡೆಯಬಹುದಿತ್ತು.

"ಕೊಟ್ಬಿಡಾನ," ಎಂದ ಪಿಳ್ಳಣ್ಣ, ಕಟ್ಟು ಹಾಕಿದ ಕೈ ನೋಡಿಕೊಳ್ಳುತ್ತ. "ಅವ್ನ ಮಿಷನ್ನಾಗೆ ನಿಂಗೆ ಕೂಲಿ ಕೊಡ್ತಾನಂತೆ."

ಬೈರಮ್ಮ ಎದ್ದು ಹೋಗಿ ಲೈಸೆನ್ಸಿನ ಹಾಳೆ ತಂದಳು. ಮೋಟಾರು ನೋಡಿಹೋಗಲು ಬಂದಿದ್ದ ಅಕ್ಬರ್ ಪಾಷಾನ ಮುಂದೆ ಹಿಡಿದಳು.

"ಇನ್ನೊಂದ್ಸಲ ಓದಪ್ಪ. ಏನ್ ಬರ್ದವ್ರೆ?"

"ತೊಂಬತ್ತು ದಿನ ಕಲ್ಲು ತಿರುಗದಿದ್ದರೆ."

"ಎಂಜಿನ್ನು ಅಂತ ಐತಾ? ಕರೆಂಟು ಅಂತ ಐತಾ?"

ಪಾಷಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. "ಇಲ್ಲಮ್ಮಾ. ಬರೀ ಕಲ್ಲು ಅಂತ ಅದೆ." ಆಮೇಲೆ ಅವಳ ಮುಖ ನೋಡಿ ಬೆಚ್ಚಿದ. "ಅಮ್ಮಾ, ಕೈಯಲ್ಲಿ ತಿರುಗ್ಸೋದಾ? ಆ ಎಂಜಿನ್ ಚಕ್ರ ಎಂಟು ಮಣ ತೂಕ ಅದೆ!"

"ಪಿಸ್ಟನ್ನು ಬಿಚ್ಚಾಕು. ಚಕ್ರ ಸಲೀಸಾಗಿ ತಿರುಗ್ಬೇಕು. ತಿರುಗ್ಸೋರ್ನ ನಾನ್ ತರ್ತೀನಿ."

ಅವಳು ನೇರವಾಗಿ ನರಸಿಂಹಯ್ಯನ ಮನೆಗೆ ಹೋದಳು. ಸಮ್ಮೇಳನದಿಂದ ಬಂದವನು ಹೊರಗೇ ಬಂದಿರಲಿಲ್ಲ; ಮೀಸೆ ಬೋಳಿಸಿಬಿಟ್ಟಿದ್ದ. ಬೈರಮ್ಮನನ್ನು ಕಂಡು ಗೋಡೆಯ ಕಡೆ ತಿರುಗಿದ.

"ಬಯ್ಯವ್ವ," ಎಂದ. "ಬಯ್ದು ಹೋಗು."

"ಬಯ್ಯಾಕೆ ಪುರುಸೊತ್ತಿಲ್ಲ. ಮಾತಾಡು ಅನ್ನಾಕೂ ಬಂದಿಲ್ಲ. ಎಂಜಿನ್ ಚಕ್ರ ತಿರುಗಿಸ್ಬೇಕು, ಬಾ."

ತೊಂಬತ್ತನೆಯ ದಿನ ಲೈಸೆನ್ಸು ಪರೀಕ್ಷಿಸುವ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದಾಗ ಕೊಡಿಗೇಹಳ್ಳಿಯ ಗಿರಣಿ ಡುಗ್ ಡುಗ್ ಎನ್ನುತ್ತಿತ್ತು. ಕಲ್ಲು ತಿರುಗುತ್ತಿತ್ತು. ಗೋಡೆಯ ಆಚೆ, ಎಂಜಿನ್ನಿನ ಕೊಟ್ಟಿಗೆಯಲ್ಲಿ, ಎರಡೂ ಕಡೆಯ ಹಿಡಿ ಹಿಡಿದು ಚಕ್ರ ತಿರುಗಿಸುತ್ತಿದ್ದುದು ನಾಟಕದ ಬಳಗ: ಸೇನಾಪತಿ, ಮಂತ್ರಿ, ಇಬ್ಬರು ದೂತರು, ಸ್ತ್ರೀ ಪಾತ್ರದ ಚಿಕ್ಕಹನುಮಯ್ಯ, ಎಲ್ಲರಿಗಿಂತ ಮುಂದೆ ಮೀಸೆಯಿಲ್ಲದ ಪಾಳೇಗಾರ. ಅವರ ಮೈಯಿಂದ ಇಳಿದ ಬೆವರಿಗೆ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಸದ್ದು ಮಾತ್ರ ಜಾಫರನದು. ಖಾಲಿ ಎಣ್ಣೆ ಡಬ್ಬಕ್ಕೆ ಗೋಣಿಚೀಲ ಸುತ್ತಿ, ಎರಡೂ ಕೈಯಿಂದ ಬಾರಿಸುತ್ತಿದ್ದ.

ಇನ್‌ಸ್ಪೆಕ್ಟರು ಕಲ್ಲು ನೋಡಿದರು. ಬೆಲ್ಟು ನೋಡಿದರು. ಕಿವಿಯೊಡ್ಡಿ ಸ್ವಲ್ಪ ಹೊತ್ತು ನಿಂತರು. ಕೆಳಗೆ ಬೀಳುತ್ತಿದ್ದ ರಾಗಿ ಹಿಟ್ಟಿಗೆ ಕೈಯೊಡ್ಡಿದರು. ಎಂಜಿನ್ನಿನ ಗಿರಣಿಯ ಹಿಟ್ಟು ಬಿಸಿಯಾಗಿ ಬೀಳಬೇಕು. ಇದು ತಣ್ಣಗಿತ್ತು.

"ಏನಮ್ಮಾ," ಎಂದರು ಅವರು, "ನಲವತ್ತು ಗಿರಣಿ ನೋಡಿದೀನಿ. ಯಾವ ಎಂಜಿನ್ನಾದರೂ ಆಗಾಗ ತಾಳ ತಪ್ಪುತ್ತೆ. ನಿಮ್ಮದು ಒಂದು ಸಲಾನೂ ತಪ್ಪಲಿಲ್ಲವಲ್ಲ?"

ಕಲ್ಲಿನ ಮೇಲಿನ ಬಾಯಲ್ಲಿ ರಾಗಿ ಮುಗಿಯುತ್ತಿತ್ತು. ಕಾಳಿಲ್ಲದೆ ತಿರುಗಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಬೈರಮ್ಮ ಇನ್ನೊಂದು ಮೊರ ಸುರಿದಳು.

ಇನ್‌ಸ್ಪೆಕ್ಟರು ಗೋಡೆಯ ಹಿಂದೆ ಹೋಗಿ ನೋಡಿ ಬಂದರು. ಆಚೆ ಜಾಫರನ ಡಬ್ಬ ನಿಂತಿತು, ಚಕ್ರ ನಿಲ್ಲಲಿಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು. ಅವರು ಬೆಂಚಿನ ಮೇಲೆ ಕುಳಿತು, ಲೈಸೆನ್ಸಿನ ಹಾಳೆಯನ್ನು ತಾವೇ ಎರಡು ಸಲ ಓದಿಕೊಂಡರು.

"ಕಲ್ಲು ತಿರುಗ್ತಾ ಇದೆ ಅಂತ ಬರೀತೀನಿ," ಎಂದರು ಕೊನೆಗೆ. "ಇದರಲ್ಲಿ ಅಷ್ಟೇ ಕೇಳಿರೋದು. ಆದರೆ ನೋಡಮ್ಮ, ಇದು ಒಂದು ದಿನದ ಆಟ ಅಂತ ಮೇಲಿನವರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತೆ. ನಾನು ಮತ್ತೆ ಬರ್ತೀನಿ. ನಾಳೆ ಬರಬಹುದು, ಮುಂದಿನ ತಿಂಗಳು ಬರಬಹುದು, ಹೇಳಿ ಬರೋದಿಲ್ಲ. ಬಂದಾಗೆಲ್ಲ ತಿರುಗ್ತಾ ಇರಬೇಕು. ಕಂಬ ಬರೋ ತನಕ."

ಸೈಕಲ್ಲು ಬಳ್ಳಾರಿ ರಸ್ತೆಯ ದಾರಿ ಹಿಡಿದು ಮರೆಯಾಯಿತು. ಮುಂದಿನ ಸಮ್ಮೇಳನಕ್ಕೆ ಒಂದು ವರ್ಷವಿತ್ತು. ಬೈರಮ್ಮ ಬೆರಳು ಮಡಿಸಿ ಮುನ್ನೂರು ದಿನ ಎಣಿಸುವುದರೊಳಗೆ ಕೈ ಸೋತಿತು. ಹೊರಗೆ ಕಲ್ಲಿನ ಸದ್ದು ಕೇಳಿ ನೆರೆಮನೆಯ ಮುನಿವೆಂಕಟಮ್ಮ ರಾಗಿಯ ಪುಟ್ಟಿ ಹೊತ್ತು ಬರುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಊರಿನ ಅರ್ಧ. ಮೂರು ತಿಂಗಳು ಯಲಹಂಕದ ತನಕ ನಡೆದು ಹಿಟ್ಟು ಮಾಡಿಸಿದವರ ಕಾಲುಗಳು ಈಗ ಓಡುತ್ತಿದ್ದವು.

ಗೋಡೆಯ ಆಚೆಯಿಂದ ಒಂದು ದನಿ ಬಂತು. ಎಮ್ಮೆಗಳ ಕಟ್ಟು ಬಿಡಿಸುತ್ತಿದ್ದ ದನಿ ಎಂದು ಯಾರೂ ಹೇಳುವಂತಿರಲಿಲ್ಲ, ಕೈಗೂಸಿನ ದನಿಯಷ್ಟಿತ್ತು.

"ಬೈರಮ್ಮಾ... ಇನ್ನೆಷ್ಟ್ ಸೇರು ಐತವ್ವ?"

ಬೈರಮ್ಮ ಮೊರ ಎತ್ತಿಕೊಂಡಳು.

"ಊರ್ ತುಂಬಾ ಐತೆ ಕಣಣ್ಣ. ತಿರುಗ್ಸು."